ಸ್ಪ್ಯಾನಿಷ್‌ಡಿಕ್ಟ್‌ನ ಕ್ರಿಯಾಪದ ಕೋಷ್ಟಕ: ರೂಪಕ್ಕೆ ಸಾಕು, ಬಳಕೆಗೆ ಸಾಲದು

ಸ್ಪ್ಯಾನಿಷ್‌ಡಿಕ್ಟ್ ಜಾಲತಾಣದ ನಿಘಂಟಿನ ವಿಚಾರ ಇಲ್ಲಿ ಬೇಡ. ‘ಪ್ಲುಸ್‌ಕುಆಂಪೆರ್ಫೆಕ್ತೊ’, ಅಂದರೆ ನಮ್ಮ ‘ಮಾಡಿದ್ದೆ, ಹೊರಟಿತ್ತು’ ಥರದ ಭೂತಕಾಲವನ್ನು ಕಲಿಯುವವರಿಗೆ ಅದರ ಕ್ರಿಯಾಪದ ಕೋಷ್ಟಕ ಎಷ್ಟು ಉಪಯೋಗ ಎಂಬುದಷ್ಟೇ ಪ್ರಶ್ನೆ.

ಕ್ರಿಯಾಪದ ಟೈಪ್ ಮಾಡಿ ‘ಪರ್ಫೆಕ್ಟ್’ ಕೋಷ್ಟಕದವರೆಗೆ ಕೆಳಗಿಳಿಯಿರಿ. ಮೊದಲ ಗೊಂದಲ ಅಲ್ಲೇ ಕಾದಿರುತ್ತದೆ: ‘ಪ್ರೆಟೆರಿಟ್’, ‘ಪಾಸ್ಟ್’ ಎಂದು ಎರಡು ಕಾಲಂ. ನಮಗೆ ಬೇಕಾದ್ದು ‘ಪಾಸ್ಟ್’. ಇನ್ನೊಂದರಲ್ಲಿ ಸಿಗುವ ‘ಉಬೆ ಅಬ್ಲಾದೊ’ (ಮಾತಾಡಿದ್ದೆ) ಗ್ರಂಥಸ್ಥ ರೂಪ, ಇಂದಿನ ಮಾತಿನಲ್ಲಿ ಇಲ್ಲವೆಂದೇ ಹೇಳಬೇಕು.

‘ಪಾಸ್ಟ್’ ಕಾಲಂ ಅಚ್ಚುಕಟ್ಟಾಗಿದೆ. ಸಹಾಯಕ ಕ್ರಿಯಾಪದ ‘ಅಬೇರ್’ನ ಆರು ರೂಪಗಳು, ನಾನು, ನೀನು, ಅವನು/ಅವಳು, ನಾವು, ನೀವು, ಅವರು ಎಂಬ ಕ್ರಮದಲ್ಲಿ: ಅಬೀಆ, ಅಬೀಆಸ್, ಅಬೀಆ, ಅಬೀಆಮೊಸ್, ಅಬೀಆಇಸ್, ಅಬೀಆನ್. ಇವುಗಳ ಮುಂದೆ ಮುಖ್ಯ ಕ್ರಿಯಾಪದದ ಕೃದಂತ, ಅಂದರೆ ‘ಅಬ್ಲಾದೊ’ ಥರದ ರೂಪ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ಕಲಿಯುವವರು ‘ಅಬೀಆಇಸ್’ ಬಿಟ್ಟರೂ ನಡೆಯುತ್ತದೆ. ‘ನಾನು’, ‘ಅವನು’ ಎರಡಕ್ಕೂ ಒಂದೇ ಅಬೀಆ, ಹಾಗಾಗಿ ಅನುಮಾನಕ್ಕೆ ಎಡೆಯಿದ್ದಲ್ಲಿ ಕರ್ತೃಪದ ಬಿಡಬೇಡಿ. ಬರೆಯುವಾಗ ‘ಐ’ ಅಕ್ಷರದ ಮೇಲಿನ ಗೆರೆ ಆರೂ ಕಡೆ ಬೇಕು. ನಿಯಮ ಮೀರುವ ಅನಿಯಮಿತ ಕೃದಂತಗಳಿಗೆ ಕೆಂಪು ಬಣ್ಣವಿದೆ. ಏಚೊ, ದೀಚೊ, ಬಿಸ್ತೊ, ಪುಎಸ್ತೊ, ಎಸ್ಕ್ರೀತೊ, ಅಬಿಎರ್ತೊ, ರೋತೊ, ಬುಎಲ್ತೊ, ಮುಎರ್ತೊ: ಈ ಒಂಬತ್ತನ್ನು ಬಾಯಿಪಾಠ ಮಾಡಿದರೆ ದಿನಬಳಕೆಯ ಬಹುಪಾಲು ಮುಗಿಯಿತು.

ಕೋಷ್ಟಕ ಹೇಳದಿರುವುದು ಇನ್ನೂ ಇದೆ. ಅಬೀಆ ಜೊತೆ ಬಂದ ಕೃದಂತಕ್ಕೆ ಲಿಂಗ, ವಚನ ಇಲ್ಲ. ‘ಎಯಾ ಅಬೀಆ ಯೆಗಾದೊ’ (ಅವಳು ಬಂದಿದ್ದಳು) ಸರಿ, ‘ಯೆಗಾದಾ’ ತಪ್ಪು. ಕನ್ನಡಿಗರಿಗೆ ಇದು ಕಷ್ಟವಾಗಬಾರದು: ‘ಬಂದಿದ್ದಳು, ಬಂದಿದ್ದರು’ ಎನ್ನುವಾಗಲೂ ‘ಬಂದು’ ಹಾಗೇ ಇದ್ದು ‘ಇದ್ದ’ ಭಾಗವಷ್ಟೇ ಬದಲಾಗುತ್ತದೆ. ಎರಡು ಪದಗಳ ನಡುವೆ ಏನನ್ನೂ ತುರುಕಬೇಡಿ: ‘ಯಾ ಲೋ ಅಬೀಆ ಕೊಂಪ್ರಾದೊ’ (ಅದನ್ನು ಆಗಲೇ ಕೊಂಡಿದ್ದೆ) ಎನ್ನಬೇಕೇ ಹೊರತು ‘ಅಬೀಆ ಲೋ ಕೊಂಪ್ರಾದೊ’ ಎನ್ನುವಂತಿಲ್ಲ.

ನಮ್ಮವರು ನಿಜವಾಗಿ ಜಾರುವುದು ಬಳಕೆಯಲ್ಲಿ. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎನ್ನುವುದು ಕನ್ನಡದಲ್ಲಿ ಪೂರ್ತಿ ಮಾತು. ಅದನ್ನೇ ‘ಅಬೀಆ ಈದೊ’ ಎಂದಿಟ್ಟರೆ ಕೇಳುವವರು ‘ಆಮೇಲೇನಾಯ್ತು?’ ಎಂದು ಕಾಯುತ್ತಾರೆ. ಅಲ್ಲಿ ‘ಫುಇ’ (ಹೋದೆ) ಸಾಕು. ಈಗಾಗಲೇ ನಡೆದ ಇನ್ನೊಂದು ಘಟನೆ ವಾಕ್ಯದಲ್ಲೋ ಸಂದರ್ಭದಲ್ಲೋ ಇದ್ದು, ನಮ್ಮ ಕ್ರಿಯೆ ಅದಕ್ಕೂ ಮುಂಚಿನದಾದರೆ ಮಾತ್ರ ಅಬೀಆ: ‘ಕುಆಂದೊ ಯೆಗಾಮೊಸ್, ಎಲ್ ತ್ರೆನ್ ಯಾ ಅಬೀಆ ಸಾಲೀದೊ’, ನಾವು ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಕನ್ನಡ ವಾಕ್ಯಕ್ಕೆ ‘ಅಷ್ಟರಲ್ಲಾಗಲೇ’ ಅಥವಾ ‘ಅದುವರೆಗೆ’ ಸೇರಿಸಿ ನೋಡಿ. ಒಪ್ಪಿದರೆ ಅಬೀಆ, ಒಪ್ಪದಿದ್ದರೆ ಸಾದಾ ಭೂತಕಾಲ.

ಕೋಷ್ಟಕ ಉಚಿತ, ಜಾಹೀರಾತು ಸಹಿಸಿಕೊಳ್ಳಬೇಕು. ವಿವರಣೆಯೆಲ್ಲ ಇಂಗ್ಲಿಷಿನಲ್ಲೇ. ಈ ಒಂದು ಕಾಲರೂಪಕ್ಕಾಗಿ ದುಡ್ಡು ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳುವ ಅಗತ್ಯ ಕಾಣುವುದಿಲ್ಲ.