ಅಡಕೆ ತೋಟದ ಪಕ್ಕದಲ್ಲಿ ಸಿಗಡಿ ತೊಟ್ಟಿ ಇಟ್ಟವರು ದಯವಿಟ್ಟು ಗಮನಿಸಿ

ಅಂಗಳದ ತೊಟ್ಟಿಯಲ್ಲಿ ಚೆರ್ರಿ ಸಿಗಡಿ (ಅಂದಕ್ಕೆ ಸಾಕುವ ಸಿಹಿನೀರಿನ ಪುಟ್ಟ ಕೆಂಪು ಸಿಗಡಿ) ಸಾಕುವವರು, ಅದರಲ್ಲೂ ಮಲೆನಾಡಿನ ಅಡಕೆ ತೋಟದ ಅಂಚಿನಲ್ಲಿ ಮನೆಯಿರುವವರು, ಮಳೆಗಾಲಕ್ಕೆ ಮೊದಲೇ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಅಡಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದಿಂದ ನನ್ನ ಸಿಗಡಿಗಳೆಲ್ಲ ಸತ್ತವು. ಔಷಧಿ ಹೊಡೆದ ದಿನ ತೊಟ್ಟಿಯನ್ನು ಮುಚ್ಚಿಟ್ಟಿದ್ದರೂ ಅವು ಉಳಿಯಲಿಲ್ಲ.

ಜನವರಿಯಲ್ಲಿ 20 ಸಿಗಡಿಗಳನ್ನು ತಂದು, ಕೊಟ್ಟಿಗೆಯ ಸೂರಿನಡಿಯ ಸಿಮೆಂಟ್ ತೊಟ್ಟಿಗೆ ಬಿಟ್ಟಿದ್ದೆ. ಈ ಜಾತಿಯ ಮರಿಗಳಿಗೆ ಉಪ್ಪುನೀರು ಬೇಕಿಲ್ಲ. ತಾಯಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಮೂರು ನಾಲ್ಕು ವಾರ ಹೊತ್ತು, ಕಿರುಗಾಲುಗಳಿಂದ ಬೀಸುತ್ತ ಕಾಯುತ್ತದೆ. ಹೊರಬರುವ ಮರಿ ದೊಡ್ಡ ಸಿಗಡಿಯ ರೂಪದಲ್ಲೇ ಇರುತ್ತದೆ. ಮೇ ಕೊನೆಯ ಹೊತ್ತಿಗೆ ಪಾಚಿಯ ಮೇಲೆ ಅವುಗಳನ್ನು ಎಣಿಸುವುದೇ ಸಾಧ್ಯವಿರಲಿಲ್ಲ.

ಜೂನ್ ಮೊದಲ ವಾರ ಮಳೆ ಬಿಡುವು ಕೊಟ್ಟ ದಿನ ದೋಟಿಯಿಂದ (ಉದ್ದನೆಯ ಕೋಲಿನಿಂದ) ಔಷಧಿ ಹೊಡೆಸಿದೆವು. ಬೆಳಿಗ್ಗೆಯೇ ತೊಟ್ಟಿಗೆ ಟಾರ್ಪಾಲು ಹೊದಿಸಿ ಸಂಜೆ ತೆಗೆದೆ. ಗಾಳಿಗೆ ತೇಲಿಬಂದ ಹನಿಗಳು ಕೊಟ್ಟಿಗೆಯ ಹೆಂಚಿನ ಮೇಲೆ ಕುಳಿತು ಒಣಗಿದ್ದನ್ನು ಗಮನಿಸಲಿಲ್ಲ. ಮೂರನೆಯ ದಿನ ಸುರಿದ ಮಳೆ ಅದನ್ನೆಲ್ಲ ತೊಳೆದು ಸೂರಿನ ಮೂಲಕ ತೊಟ್ಟಿಗೆ ಇಳಿಸಿತು. ಮರುದಿನ ಬೆಳಿಗ್ಗೆ ನೋಡಿದರೆ ಸಿಗಡಿಗಳು ನೀರಿನ ಅಂಚಿಗೆ ಹತ್ತಿ ನಿಂತಿದ್ದವು, ಕೆಲವು ಮಗುಚಿ ಬಿದ್ದು ಕಾಲು ಅದುರಿಸುತ್ತಿದ್ದವು, ಬಸವನಹುಳುಗಳು ಚಿಪ್ಪಿನೊಳಗೆ ಸೇರಿಕೊಂಡು ತಳಕ್ಕೆ ಉದುರಿದ್ದವು. ಗಪ್ಪಿ ಮೀನುಗಳು ಮಾತ್ರ ಎಂದಿನಂತೆ ಓಡಾಡುತ್ತಿದ್ದುದರಿಂದ ನೀರು ಕೆಟ್ಟಿಲ್ಲವೆಂದು ನಂಬಿ, ಸೂರಿನ ನೀರನ್ನೇ ಹಿಡಿದಿಟ್ಟಿದ್ದ ಡ್ರಮ್ಮಿನಿಂದ ಎರಡು ಕೊಡ ತಂದು ಸುರಿದೆ. ಮಧ್ಯಾಹ್ನದೊಳಗೆ ಒಂದು ಸಿಗಡಿಯೂ ಉಳಿಯಲಿಲ್ಲ. ಆ ಎರಡು ಕೊಡ ನೀರನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೀಳುತ್ತದೆ, ಮೈಲುತುತ್ತವೆಂದರೆ ತಾಮ್ರದ ಲವಣ. ಸಿಗಡಿಯ ರಕ್ತಕ್ಕೆ ಆಮ್ಲಜನಕ ಸಾಗಿಸಲು ತಾಮ್ರ ಬೇಕೇ ಬೇಕು, ಆದರೆ ನೀರಿನಲ್ಲಿ ಅದು ಸ್ವಲ್ಪ ಹೆಚ್ಚಾದರೂ ಕಿವಿರು ಹಾಳಾಗುತ್ತದೆ. ಸುಣ್ಣದ ಅಂಶ ಕಡಿಮೆಯಿರುವ ನಮ್ಮ ಮೆದು ನೀರಿನಲ್ಲಿ ಈ ವಿಷ ಇನ್ನೂ ತೀವ್ರ. ಮೀನು ತಾಳಿಕೊಳ್ಳುವ ಪ್ರಮಾಣವನ್ನು ಸಿಗಡಿ ತಾಳಲಾರದು. ಆದ್ದರಿಂದ ಮೀನು ಚೆನ್ನಾಗಿರುವುದನ್ನು ನೋಡಿ ಸಮಾಧಾನಪಡಬೇಡಿ.

ಸೆಪ್ಟೆಂಬರಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ತೊಟ್ಟಿಯ ನೀರನ್ನು ಚೆಲ್ಲಿ, ಬಾವಿ ನೀರು ತುಂಬಿ, ಮತ್ತೆ 10 ಸಿಗಡಿ ಬಿಟ್ಟೆ. ತಾಮ್ರ ಹಿಡಿದಿಟ್ಟುಕೊಂಡಿದ್ದ ತಳದ ಕೆಸರನ್ನು ಹಾಗೆಯೇ ಉಳಿಸಿದ್ದರಿಂದ ಅವೂ ನಾಲ್ಕು ದಿನಗಳಲ್ಲಿ ಸತ್ತವು.

ಮುಚ್ಚುವುದಾದರೆ ಒಂದು ದಿನಕ್ಕಲ್ಲ, ಮಳೆಗಾಲವಿಡೀ ಸೂರಿನ ನೀರು ಬೀಳದಂತೆ ತೊಟ್ಟಿಯನ್ನೇ ಸರಿಸಿಡಿ, ಏಕೆಂದರೆ 40-45 ದಿನಗಳಿಗೆ ಎರಡನೆಯ ಸುತ್ತಿನ ಔಷಧಿ ಬರುತ್ತದೆ. ಮೈಲುತುತ್ತ ಕಲಸಿದ ಬಕೆಟ್ಟನ್ನು ಎಷ್ಟು ತೊಳೆದರೂ ಸಿಗಡಿಯ ನೀರಿಗೆ ಬಳಸಬೇಡಿ. ಮೊದಲ ಔಷಧಿಗೆ ಮುಂಚೆ ಹತ್ತಿಪ್ಪತ್ತು ಸಿಗಡಿಗಳನ್ನು ಮನೆಯೊಳಗಿನ ಗಾಜಿನ ತೊಟ್ಟಿಗೆ ಎತ್ತಿಟ್ಟುಕೊಳ್ಳಿ. ನಾನು ಹಾಗೆ ಮಾಡಿದ್ದರೆ ತಳಿಯಾದರೂ ಉಳಿಯುತ್ತಿತ್ತು.