ಅಂಗಡಿಯ ತೋಟೆ, ಮನೆಯ ತೋಟೆ: ಹಾಸಿಗೆ ಪಕ್ಕದ ಪಿಸ್ತೂಲಿಗೆ ಯಾವುದು?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೇಪಿನ ಕೋವಿಯೊಂದಿತ್ತು. ಅಜ್ಜ ಅಂಗೈಯಲ್ಲೇ ಮದ್ದು ಅಳೆದು, ತೆಂಗಿನ ನಾರು ತುರುಕಿ, ಚರೆ ಸುರಿದು ಗಜದಿಂದ ಜಡಿಯುತ್ತಿದ್ದರು. ಹಂದಿಗೊಂದು ಈಡು, ಮಂಗನನ್ನು ಬೆದರಿಸಲು ಇನ್ನೊಂದು ಈಡು. ಹೀಗಾಗಿ ಟೆಕ್ಸಾಸ್‌ನಲ್ಲಿ ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಸಿಕ್ಕ ಮೇಲೆ ಆತ್ಮರಕ್ಷಣೆಗೆಂದು 9 ಎಂಎಂ ಪಿಸ್ತೂಲು ಕೊಂಡಾಗ, ಖಾಲಿ ಚಿಪ್ಪಿಗೆ ಕೇಪು, ಮದ್ದು, ಗುಂಡು ಕೂರಿಸಿ ತೋಟೆಯನ್ನೂ ಮನೆಯಲ್ಲಿ ನಾನೇ ತುಂಬಿಕೊಳ್ಳಬೇಕೆಂಬ ಚಪಲ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. (ಎಚ್-1ಬಿ ವೀಸಾದಲ್ಲಿರುವವರು ಗಮನಿಸಿ: ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದು ಇಲ್ಲಿ ಫೆಡರಲ್ ಅಪರಾಧ.) ಸ್ವಂತ ಬಳಕೆಗೆ ತೋಟೆ ತುಂಬಲು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಪರವಾನಗಿ ಬೇಡ, ಮಾರುವುದಾದರೆ ಮಾತ್ರ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪರವಾನಗಿಯಿಲ್ಲದ ಮದ್ದುಗುಂಡು ತಯಾರಿಕೆಯನ್ನೇ ನಿಷೇಧಿಸುತ್ತದೆ. ಆದ್ದರಿಂದ ಈ ಹೋಲಿಕೆ ಊರಿಗೆ ಅನ್ವಯಿಸುವುದಿಲ್ಲ.

ಹೋಲಿಸಿದ್ದು ಮೂರು. ಒಂದು, ಫೆಡರಲ್ ಎಂಬ ಕಂಪನಿಯ ಎಚ್‌ಎಸ್‌ಟಿ, 124 ಗ್ರೇನ್ ಅಂದರೆ ಸುಮಾರು 8 ಗ್ರಾಂ ತೂಕದ, ತಾಗಿದೊಡನೆ ಅರಳುವ ಟೊಳ್ಳುಮೂತಿ ಗುಂಡು, ಕಂಪನಿ ಹೇಳುವ ವೇಗ ಸೆಕೆಂಡಿಗೆ 1150 ಅಡಿ. ಎರಡು, ಅದೇ ತೂಕ, ಅದೇ ವೇಗಕ್ಕೆ ಹೊಂದಿಸಿ ನಾನು ತುಂಬಿದ್ದು. ಮೂರು, ಅಭ್ಯಾಸಕ್ಕೆಂದು ಹಗುರವಾಗಿ ತುಂಬಿದ ಸೀಸದ ಗುಂಡು.

ಖರ್ಚಿನಲ್ಲಿ ನನ್ನದೇ ಗೆದ್ದಿತು. ನಿಖರತೆಯಲ್ಲಿ ಎರಡನೆಯದು ಕಾರ್ಖಾನೆಯದಕ್ಕೆ ಸಮ, ಕೆಲವು ದಿನ ಒಂದು ಕೈ ಮೇಲು. ನಂಬಿಕೆಯ ವಿಷಯದಲ್ಲಿ ಮಾತ್ರ ನನ್ನ ಹೆಮ್ಮೆ ಒಂದು ಭಾನುವಾರ ಇಳಿಯಿತು. ‘ಟುಸ್’ ಎಂಬ ಸದ್ದು, ಕೈಗೆ ಒದೆತವೇ ಇಲ್ಲ. ಮದ್ದು ಬೀಳದ ತೋಟೆಯೊಂದನ್ನು ನಾನೇ ಮುಚ್ಚಿದ್ದೆ. ಕೇಪಿನ ಶಕ್ತಿಗೇ ಗುಂಡು ಹೊರಟು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಂಡಿತ್ತು. ಸದ್ದು ಗಮನಿಸದೆ ಮತ್ತೊಮ್ಮೆ ಕುದುರೆ ಎಳೆದಿದ್ದರೆ ನಳಿಗೆ ಸಿಡಿದು, ಇದನ್ನು ಎರಡೂ ಕೈಯಲ್ಲಿ ಬರೆಯುತ್ತಿರಲಿಲ್ಲ.

ಆದರೆ ನನ್ನ ನಿರ್ಧಾರ ಬದಲಾದದ್ದು ಇದರಿಂದಲ್ಲ, ಒಂದು ಹಳೆಯ ಬಿಳಿ ಪಂಚೆಯಿಂದ. ಗುಂಡಿನ ಜತೆಗೆ ನಳಿಗೆಯಿಂದ ಮಸಿ, ಅರೆ ಬೆಂದ ಮದ್ದಿನ ಕಣ, ಸೀಸದ ಪುಡಿ ಎಲ್ಲವೂ ಹಾರುತ್ತವೆ. ಹತ್ತಿರವಿದ್ದರೆ ಬಟ್ಟೆಯ ಮೇಲೆ ದಟ್ಟ, ದೂರವಾದಂತೆ ವಿರಳ, ಮೂರು ನಾಲ್ಕು ಅಡಿ ದಾಟಿದರೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಹೊಡೆದವನು ಎಷ್ಟು ದೂರದಲ್ಲಿದ್ದ ಎಂದು ಅಪರಾಧ ಪ್ರಯೋಗಾಲಯದವರು ಹೇಳುವುದು ಈ ಕಲೆಯಿಂದಲೇ. ನೈಟ್ರೈಟ್‌ಗೆ ಒಂದು ರಾಸಾಯನಿಕ ಪರೀಕ್ಷೆ, ಸೀಸಕ್ಕೆ ಇನ್ನೊಂದು ಮಾಡಿ, ಅದೇ ಬಂದೂಕಿನಿಂದ ಅದೇ ಬಗೆಯ ತೋಟೆಯನ್ನು ಬೇರೆ ಬೇರೆ ದೂರದಿಂದ ಬಟ್ಟೆಗೆ ಹೊಡೆದು ತಾಳೆ ನೋಡುತ್ತಾರೆ. ‘ಅದೇ ಬಗೆಯ ತೋಟೆ’ ಎಂಬಲ್ಲೇ ಗಂಟು.

ಪಂಚೆಯನ್ನು ತುಂಡು ಮಾಡಿ ಅರ್ಧ ಅಡಿ, ಒಂದು ಅಡಿ, ಎರಡು ಅಡಿಯಲ್ಲಿ ತೂಗುಹಾಕಿ ಹೊಡೆದೆ. ಕಾರ್ಖಾನೆಯದರಲ್ಲಿ ಎರಡು ಪೆಟ್ಟಿಗೆಗಳಿಂದ ತೆಗೆದ ತೋಟೆಗಳೂ ಒಂದೇ ಅಚ್ಚಿನಂಥ ಕಲೆ ಬಿಟ್ಟವು. ನನ್ನ ಹಗುರ ಈಡು ಒಂದು ಅಡಿಯಲ್ಲೇ ಬಟ್ಟೆಯನ್ನು ಬಹುತೇಕ ಸ್ವಚ್ಛವಾಗಿ ಬಿಟ್ಟಿತು. ಕಾರ್ಖಾನೆಯದನ್ನು ಹೋಲುವಂತೆ ತುಂಬಿದ ಎರಡನೆಯದಂತೂ ವೇಗದಲ್ಲಿ ಅವಳಿ, ಕಲೆಯಲ್ಲಿ ಅಪರಿಚಿತ: ಮದ್ದೇ ಬೇರೆಯಲ್ಲವೇ! ನನ್ನ ಒಂದು ಅಡಿಯ ಬಟ್ಟೆಯನ್ನು ಕಾರ್ಖಾನೆಯ ತೋಟೆಯ ಅಳತೆಗೋಲಿನಲ್ಲಿ ಅಳೆದರೆ ಅದು ಎರಡು ಅಡಿಗೂ ಆಚೆಯದು ಎಂದಾಗುತ್ತದೆ. ‘ಮೈಮೇಲೆ ಬಿದ್ದ, ಹೊಡೆದೆ’ ಎನ್ನುವವನಿಗೆ ಆ ಅಂತರ ಸಣ್ಣದಲ್ಲ.

ಇದು ಬರೀ ಊಹೆಯಲ್ಲ. 1989ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬ ಮಹಿಳೆ ತಲೆಗೆ ಗುಂಡು ತಗುಲಿ ಸತ್ತರು. ಅವರ ಕೈಯಲ್ಲೇ ರಿವಾಲ್ವರ್ ಇತ್ತು ಎಂಬುದು ಗಂಡನ ಹೇಳಿಕೆ. ಒಳಗಿದ್ದದ್ದು ಅವನೇ ತುಂಬಿದ ಬಹಳ ಹಗುರ ಈಡು, ಚಿಪ್ಪು ಮಾತ್ರ ಫೆಡರಲ್ ಕಂಪನಿಯದು. ಪರೀಕ್ಷೆ ನಡೆದದ್ದು ಪೂರ್ಣ ಶಕ್ತಿಯ ಕಾರ್ಖಾನೆ ತೋಟೆಯಲ್ಲಿ. ಅಷ್ಟು ಹತ್ತಿರದಿಂದಾಗಿದ್ದರೆ ಮದ್ದಿನ ಕಲೆ ಇರಬೇಕಿತ್ತು, ಇಲ್ಲ, ಆದ್ದರಿಂದ ಬಂದೂಕು ಆಕೆಯ ಕೈಗೆಟುಕದ ದೂರದಲ್ಲಿತ್ತು ಎಂಬ ವಾದ ಗಂಡನ ವಿರುದ್ಧ ಎದ್ದಿತು. ಒಂದಕ್ಕಿಂತ ಹೆಚ್ಚು ವಿಚಾರಣೆಗಳ ನಂತರ ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಅಪರಾಧಕ್ಕೆ ಶಿಕ್ಷೆಯಾಯಿತು. ಇದು ಆತ್ಮರಕ್ಷಣೆಯ ಪ್ರಕರಣವಲ್ಲ ಎಂದು ಮನೆಯ ತೋಟೆಯ ಪರ ಇರುವವರು ಮೂಗು ಮುರಿಯುತ್ತಾರೆ. ಸರಿಯೇ. ಆದರೆ ಬಟ್ಟೆಗೆ, ಚರ್ಮಕ್ಕೆ ಪ್ರಕರಣದ ಹೆಸರು ಗೊತ್ತಿರುವುದಿಲ್ಲ.

ಗುರಿ ಅಭ್ಯಾಸದ ರೇಂಜಿನಲ್ಲಿ ಹೆಚ್ಚು ಕೇಳಿಬರುವ ಇನ್ನೊಂದು ಎಚ್ಚರಿಕೆಯಿದೆ: ‘ಅಂಗಡಿಯ ಗುಂಡು ಸಾಲದೆಂದು ಮನೆಯಲ್ಲಿ ಘೋರವಾದದ್ದನ್ನು ತಯಾರಿಸಿದ’ ಎಂದು ಸರಕಾರಿ ವಕೀಲರು ಜ್ಯೂರಿಯ ಮುಂದೆ ಬಣ್ಣಿಸುತ್ತಾರೆ ಎಂಬುದು. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. 2004ರಲ್ಲಿ ಅರಿಜೋನಾದ ಕಾಡುದಾರಿಯಲ್ಲಿ ಒಬ್ಬ ನಿವೃತ್ತ ಶಿಕ್ಷಕರು, ಮೈಮೇಲೆ ಬಂದನೆಂದು ಒಬ್ಬನಿಗೆ ಹೊಡೆದದ್ದು ಅಂಗಡಿಯ 10 ಎಂಎಂ ಟೊಳ್ಳುಮೂತಿ ಗುಂಡು. ಅದರ ಉಗ್ರತೆಯೇ ಅವರ ವಿರುದ್ಧ ಮಾತಾಯಿತು. 2006ರಲ್ಲಿ ಶಿಕ್ಷೆಯಾಗಿ, 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಆಡುವ ಬಾಯಿಗೆ ಅಂಗಡಿಯದೂ ಸಾಕು.

ಹಾಗಾದರೆ ಅಚ್ಚುಕಟ್ಟಾಗಿ ಲೆಕ್ಕ ಬರೆದಿಟ್ಟರೆ? ನನ್ನ ನೋಟ್‌ಬುಕ್ಕಿನಲ್ಲಿ ತಾರೀಕು, ಮದ್ದಿನ ತೂಕ, ಕೇಪಿನ ಜಾತಿ ಎಲ್ಲ ಇದೆ. ಆದರೆ ಅದು ಆರೋಪಿಯ ಕೈಬರಹ. ಪಿಸ್ತೂಲಿನಲ್ಲಿದ್ದ ತೋಟೆ ಆ ಪುಟದ್ದೇ ಎನ್ನಲು ನನ್ನ ಮಾತಿನ ಹೊರತು ಸಾಕ್ಷಿಯಿಲ್ಲ. ಪರೀಕ್ಷೆಗೆ ನಾನು ಕೊಡುವ ಮಾದರಿ ಘಟನೆಯ ನಂತರ ತುಂಬಿದ್ದಲ್ಲ ಎಂದು ಯಾರು ಹೇಳಬೇಕು? ಕಾರ್ಖಾನೆಯ ಪೆಟ್ಟಿಗೆಯ ಮೇಲೆ ಲಾಟ್ ಸಂಖ್ಯೆ ಇರುತ್ತದೆ. ಅದೇ ಬಗೆಯ ತೋಟೆಯನ್ನು ಪ್ರಯೋಗಾಲಯವೇ ಅಂಗಡಿಯಿಂದ ತರಿಸಿಕೊಳ್ಳಬಹುದು. ದೂರದ ತಕರಾರೇ ಇಲ್ಲದ ಪ್ರಕರಣದಲ್ಲಿ ಇದ್ಯಾವುದೂ ಲೆಕ್ಕಕ್ಕೆ ಬಾರದು. ಆದರೆ ತಕರಾರು ಬರುವುದಿಲ್ಲ ಎಂದು ಮೊದಲೇ ಹೇಳುವವರು ಯಾರು?

ಈಗ ಹಾಸಿಗೆ ಪಕ್ಕದ ಬೀಗದ ಪೆಟ್ಟಿಗೆಯಲ್ಲಿ ಎಚ್‌ಎಸ್‌ಟಿ ಇದೆ. ಅದೇ ಲಾಟಿನ ಒಡೆಯದ ಇನ್ನೊಂದು ಪೆಟ್ಟಿಗೆ, ರಸೀದಿಯ ಸಮೇತ, ಬೇರೆ ಕಡೆ. ಗ್ಯಾರೇಜಿನ ಯಂತ್ರವನ್ನು ಮಾರಿಲ್ಲ. ಭಾನುವಾರದ ಗುರಿಗೆ ನನ್ನ ಸೀಸದ ಗುಂಡೇ. ಒಂದೇ ಬದಲಾವಣೆ: ಗುಂಡು ಕೂರಿಸುವ ಮೊದಲು ಪ್ರತಿ ಚಿಪ್ಪಿನೊಳಗೂ ಟಾರ್ಚ್ ಬಿಟ್ಟು ಇಣುಕುತ್ತೇನೆ.