ಧೂಳು ಅಳೆಯಲು ಗಾಳಿಪಟ ಮೇಲೋ, ಡ್ರೋನ್ ಮೇಲೋ?

ಆಷಾಢದ ಗಾಳಿಯಲ್ಲಿ ಕುಂಟೆ ಹೊಡೆದ ಹೊಲದ ಧೂಳು ಎಷ್ಟು ಮೇಲಕ್ಕೆ ಹೋಗುತ್ತದೆ? ಚಿತ್ರದುರ್ಗದ ಭರಮಸಾಗರದ ಹತ್ತಿರ ಭಾವನ ಹೊಲದಲ್ಲಿ ಎರಡು ಥರ ಅಳೆದು ನೋಡಿದೆ. ಸೆನ್ಸರ್ ಒಂದೇ, ಪಿಎಂಎಸ್ 5003. ಒಳಗಿನ ಪುಟ್ಟ ಫ್ಯಾನ್ ಗಾಳಿ ಎಳೆದುಕೊಳ್ಳುತ್ತದೆ. ಕಣಗಳಿಗೆ ತಾಗಿ ಚದುರಿದ ಲೇಸರ್ ಬೆಳಕು ನೋಡಿ ಲೆಕ್ಕ ಕೊಡುತ್ತದೆ. ದಪ್ಪ ಧೂಳನ್ನು ಅಷ್ಟು ಸರಿಯಾಗಿ ಹಿಡಿಯುವುದಿಲ್ಲ, ನಯವಾದದ್ದಕ್ಕೆ ಪರವಾಗಿಲ್ಲ.

ಡ್ರೋನ್ ಗೆಳೆಯನದು. ಹೇಳಿದ ಎತ್ತರಕ್ಕೆ ಹೋಗಿ ಸುಮ್ನೆ ನಿಲ್ಲುತ್ತದೆ. ಹಾರಿಸಲು ಮೊದಲೇ ಅನುಮತಿ ಕೇಳಬೇಕಿಲ್ಲದ ಹಸಿರು ವಲಯದಲ್ಲಿ 120 ಮೀಟರ್ ಮಿತಿ, ನಮಗೆ ಅದು ಧಾರಾಳ. ಚಳ್ಳಕೆರೆ ಕಡೆ ಮಾತ್ರ ಬೇಡ ಅಂದುಕೊಂಡೆವು, ಅಲ್ಲಿ ಡಿಆರ್‌ಡಿಓ ವಿಮಾನ ಪರೀಕ್ಷಾ ನೆಲೆ ಇದೆ. ಆದರೆ ಡ್ರೋನಿನ ರೆಕ್ಕೆಯ ಗಾಳಿಯೇ ದೊಡ್ಡ ತಲೆನೋವು. ಸೆನ್ಸರ್ ಕೆಳಗೆ ತೂಗುಹಾಕಿ ನೆಲದ ಹತ್ತಿರ ತಂದರೆ ಅಂಕಿ ಒಮ್ಮೆಲೇ ಜಿಗಿಯಿತು. "ಏನಪ್ಪಾ, ಧೂಳು ಅಳ್ಯಾಕೆ ಬಂದೀಯೋ, ಎಬ್ಬಿಸಾಕೆ ಬಂದೀಯೋ?" ಅಂದರು ಭಾವ. ಬಿದಿರ ಕಡ್ಡಿ ಕಟ್ಟಿ ಸೆನ್ಸರನ್ನು ಮೇಲಕ್ಕೆತ್ತಿದ ಮೇಲೆ ಸ್ವಲ್ಪ ಸುಧಾರಿಸಿತು. ಆದರೂ ರೆಕ್ಕೆಗಳು ಮೇಲಿನ ಗಾಳಿಯನ್ನು ಕೆಳಗೆ ಎಳೆಯುತ್ತವೆ. ಸಿಕ್ಕಿದ್ದು ಯಾವ ಎತ್ತರದ ಗಾಳಿ ಅನ್ನುವ ಅನುಮಾನ ಹೋಗಲಿಲ್ಲ.

ಗಾಳಿಪಟಕ್ಕೆ ಈ ರಗಳೆ ಇಲ್ಲ. ಬೇರೆ ರಗಳೆ ಇದೆ! ಮೊದಲ ದಿನ ಸೂತ್ರ ತಪ್ಪಿತು, ಬಾಲಂಗೋಚಿ ಗಿಡ್ಡವಾಯಿತು, ಡಬ್ಬಿ ಸಮೇತ ಮಣ್ಣಿಗೆ ಬಿತ್ತು. ದಾರದ ಉದ್ದ ನಂಬಿದರೆ ಎತ್ತರ ಜಾಸ್ತಿ ಅನ್ನಿಸುತ್ತದೆ, ದಾರ ಜೋತುಬೀಳುತ್ತದಲ್ವಾ. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಚಿಪ್ ಸೇರಿಸಿದೆ. ಆಮೇಲೆ ಗಂಟೆಗಟ್ಟಲೆ ಲೆಕ್ಕ ಸಿಕ್ಕಿತು, ಡ್ರೋನಿನ ಬ್ಯಾಟರಿ ಕಾಲು ಗಂಟೆಗೇ ಮುಗಿಯುತ್ತಿತ್ತು. ಗಾಳಿ ಬೀಸದ ಮುಂಜಾನೆ ಮಾತ್ರ ಪಟ ಏಳಲೇ ಇಲ್ಲ.

ಎರಡರಿಂದಲೂ ತಿಳಿಯದ್ದು ಒಂದಿದೆ: ಧೂಳು ಏರುತ್ತಿದೆಯೋ, ಇಳಿಯುತ್ತಿದೆಯೋ? ಅದನ್ನು ಸಂಶೋಧನಾ ವಿಮಾನ ಅಳೆಯಬಲ್ಲದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಿಂದ ಕೈಪೀಕ್ಸ್ ಪ್ರಯೋಗದಲ್ಲಿ ಮೋಡ, ಕಣಗಳನ್ನು ಅಳೆಯಲು ವಿಮಾನ ಹಾರಿಸಿದೆ. ಇಂಥ ವಿಮಾನಗಳಲ್ಲಿ ಐದು ತೂತಿನ ಕೊಳವೆಯೊಂದು ಗಾಳಿಯ ಏರಿಳಿತವನ್ನು ಸೆಕೆಂಡಿಗೆ ಹತ್ತಾರು ಸಲ ಹಿಡಿಯುತ್ತದೆ. ಅದೇ ಕ್ಷಣದ ಕಣಗಳ ಲೆಕ್ಕದ ಹೆಚ್ಚುಕಡಿಮೆಯೊಂದಿಗೆ ಗುಣಿಸಿ ಸರಾಸರಿ ತೆಗೆದರೆ ಧೂಳಿನ ದಿಕ್ಕು ತಿಳಿಯುತ್ತದೆ. ನನ್ನ ಸೆನ್ಸರ್ ಸೆಕೆಂಡಿಗೆ ಒಂದು ಅಂಕಿ ಕೊಟ್ಟರೆ ದೊಡ್ಡದು. ತನ್ನದೇ ಗಾಳಿಯ ಕಾಟ ವಿಮಾನಕ್ಕೂ ತಪ್ಪಿಲ್ಲ. ಅದಕ್ಕೇ ಆ ಕೊಳವೆ ಮೂತಿಯಿಂದ ಮುಂದೆ ಚಾಚಿರುತ್ತದೆ. ಕಣ ಎಳೆಯುವ ಕೊಳವೆಗೂ ಗಾಳಿ ಹೊರಗಿನ ವೇಗದಲ್ಲೇ ನುಗ್ಗಬೇಕು, ಇಲ್ಲದಿದ್ದರೆ ದಪ್ಪ ಕಣಗಳ ಲೆಕ್ಕ ತಪ್ಪುತ್ತದೆ.

ನನ್ನ ಓಟು ಗಾಳಿಪಟಕ್ಕೆ. ಅದು ಭಾವನ ಅಟ್ಟದ ಮೇಲಿದೆ. ಮುಂಜಾನೆಯ ಲೆಕ್ಕ ಬೇಕಾದಾಗ ಮಾತ್ರ ಡ್ರೋನ್ ಕೇಳಿ ತರುತ್ತೇನೆ.